ಎಂಜಿನ್ ಬೋರಿಗೆ ಬಂದಾಗ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಯಾವ ಊರಿನ ಹೊರವಲಯಕ್ಕಾದರೂ ಬನ್ನಿ. ರಾಣೆಬೆನ್ನೂರೇ ಇರಲಿ, ಹರಿಹರವೇ ಇರಲಿ, ಚಿತ್ರದುರ್ಗವೇ ಇರಲಿ, ರಸ್ತೆ ಬದಿಯ ಗ್ಯಾರೇಜಿನ ಅಂಗಳದಲ್ಲಿ ಮೂತಿ ಬಿಚ್ಚಿಕೊಂಡು ನಿಂತ ಲಾರಿಯೊಂದು ಕಂಡೇ ಕಾಣುತ್ತದೆ. ಎಂಜಿನ್ ಕೆಳಗಿಳಿದು ಮರದ ದಿಮ್ಮಿಗಳ ಮೇಲೆ ಕುಳಿತಿರುತ್ತದೆ. ಎಣ್ಣೆ ಬಳಿದುಕೊಂಡ ಪಿಸ್ಟನ್ನುಗಳು ಗೋಣಿ ತಾಟಿನ ಮೇಲೆ ಸಾಲಾಗಿ ಮಲಗಿರುತ್ತವೆ. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ ಮಾಲೀಕನ ತಲೆಯಲ್ಲಿ ಒಂದೇ ಪ್ರಶ್ನೆ: 'ಇದನ್ನೇ ರಿಪೇರಿ ಮಾಡಿಸಲೋ, ಇದಕ್ಕಿಂತ ದೊಡ್ಡ ಎಂಜಿನ್ ಕೂರಿಸಲೋ?'

ಹತ್ತಾರು ಲಾರಿಗಳ ಸಾಹುಕಾರನಿಗೆ ಇದು ಲೆಕ್ಕದ ಪುಸ್ತಕದ ಒಂದು ಸಾಲು. ಆದರೆ ಒಂದೇ ಲಾರಿ ಇಟ್ಟುಕೊಂಡು ತಾನೇ ಓಡಿಸುವವನಿಗೆ ಇದು ಸಂಸಾರದ ಪ್ರಶ್ನೆ. ಲಾರಿ ನಿಂತ ದಿನ ಬಾಡಿಗೆ ನಿಲ್ಲುತ್ತದೆ, ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಈ ಆತುರದಲ್ಲಿ ಲಕ್ಷಗಟ್ಟಲೆ ರೂಪಾಯಿಯ ತೀರ್ಮಾನ ಅರ್ಧ ಲೋಟ ಚಹಾ ಕುಡಿಯುವುದರೊಳಗೆ ಆಗಿಹೋಗುತ್ತದೆ. ಮೇಸ್ತ್ರಿ ಹೇಳಿದ್ದು, ಪಕ್ಕದ ಲಾರಿಯವನು ಹೇಳಿದ್ದು, ಬಿಡಿಭಾಗದ ಅಂಗಡಿಯವನು ಹೇಳಿದ್ದು ಎಲ್ಲ ಸೇರಿ ಒಂದು ಅಭಿಪ್ರಾಯವಾಗುತ್ತದೆ. ಅಳತೆ ಮಾತ್ರ ಎಲ್ಲಿಯೂ ಇರುವುದಿಲ್ಲ.

ಈ ಪ್ರಶ್ನೆಗೆ ಅರ್ಧ ಉತ್ತರ ಎಂಜಿನ್ನಿನೊಳಗೆ ಇದೆ, ಇನ್ನರ್ಧ ಉಳಿದ ಲಾರಿಯಲ್ಲಿದೆ. ಎರಡನ್ನೂ ಅಳೆಯಲು ಸಾಧ್ಯ. ಪ್ರೌಢಶಾಲೆಯ ವಿಜ್ಞಾನ ಮತ್ತು ಗಣಿತ ಇಷ್ಟಕ್ಕೆ ಧಾರಾಳವಾಗಿ ಸಾಕು.

ಸವೆಯುವುದು ಏನು?

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಡೀಸೆಲ್ ಎಂಜಿನ್ನಿನ ಗುಟ್ಟು ಇಷ್ಟೇ. ಪೆಟ್ರೋಲ್ ಎಂಜಿನ್ನಿನಲ್ಲಿರುವಂತೆ ಇದರಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸಿಲಿಂಡರಿನೊಳಗೆ ಬಂದ ಗಾಳಿಯನ್ನು ಪಿಸ್ಟನ್ ಸುಮಾರು ಹದಿನೇಳರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತುತ್ತದೆ. ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಆ ಕ್ಷಣದಲ್ಲಿ ನಾಝಲ್ ಮಂಜಿನಂತೆ ಡೀಸೆಲ್ ಸಿಂಪಡಿಸುತ್ತದೆ, ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್ ಎಂಬಲ್ಲಿ ಇದನ್ನು ಸಾಧಿಸಿ ತೋರಿಸಿದ. ಇಂದಿನ ಲಾರಿಯ ಮೂಲತತ್ತ್ವವೂ ಅದೇ.

ಅಂದಮೇಲೆ ಒತ್ತಿದ ಗಾಳಿ ಸೋರಬಾರದು. ಈ ಸೋರಿಕೆ ತಡೆಯುವ ಕಾವಲುಗಾರರು ಪಿಸ್ಟನ್ನಿನ ಸುತ್ತ ಇರುವ ರಿಂಗುಗಳು. ಅವುಗಳ ದುಡಿಮೆ ಎಷ್ಟು ಗೊತ್ತೆ? ಟಾಟಾ ಲಾರಿಗಳಲ್ಲಿ ದಶಕಗಳ ಕಾಲ ಬಂದ 697 ಎಂಜಿನ್ ತೆಗೆದುಕೊಳ್ಳಿ. ಪಿಸ್ಟನ್ ಒಮ್ಮೆ ಕ್ರಮಿಸುವ ದೂರ 128 ಮಿ.ಮೀ. ಎಂಜಿನ್ ನಿಮಿಷಕ್ಕೆ 1,800 ಸುತ್ತು ತಿರುಗಿದರೆ, ಮೇಲೆ ಕೆಳಗೆ ಸೇರಿ ಪಿಸ್ಟನ್ ನಿಮಿಷಕ್ಕೆ 460 ಮೀಟರ್, ಗಂಟೆಗೆ ಸುಮಾರು 28 ಕಿ.ಮೀ. ಓಡುತ್ತದೆ. ಅದೂ ಒಂದು ಗೇಣಿಗಿಂತ ಚಿಕ್ಕ ಕೊಳವೆಯೊಳಗೆ!

ಸವೆತ ಎಲ್ಲ ಕಡೆ ಒಂದೇ ಸಮನಾಗಿ ಆಗುವುದಿಲ್ಲ. ಪಿಸ್ಟನ್ ಮೇಲೆ ಹೋಗಿ ಕ್ಷಣಕಾಲ ನಿಂತು ತಿರುಗುವ ಜಾಗದಲ್ಲಿ ಬೆಂಕಿಯೂ ಹೆಚ್ಚು, ಒತ್ತಡವೂ ಹೆಚ್ಚು, ಆಯಿಲಿನ ಪದರವೂ ತೆಳು. ಹೀಗಾಗಿ ಸಿಲಿಂಡರ್ ಮೇಲ್ಭಾಗದಲ್ಲಿ ಅಗಲವಾಗಿ, ಕೆಳಗೆ ಕಿರಿದಾಗಿ ಉಳಿಯುತ್ತದೆ. ಪಿಸ್ಟನ್ ಎರಡು ಪಕ್ಕಕ್ಕೆ ಒತ್ತುವುದರಿಂದ ದುಂಡಗಿದ್ದದ್ದು ಅಂಡಾಕಾರಕ್ಕೆ ತಿರುಗುತ್ತದೆ. ಇದರ ಜೊತೆಗೆ ಧೂಳು ಸೇರಿದರೆ ಕೇಳುವುದೇ ಬೇಡ. ಏರ್ ಫಿಲ್ಟರಿನ ನಂತರದ ರಬ್ಬರ್ ಕೊಳವೆಯಲ್ಲಿ ಒಂದು ಸೀಳು ಬಿದ್ದರೆ ಸಾಕು, ಧೂಳು ನೇರವಾಗಿ ಒಳನುಗ್ಗಿ ಉಪ್ಪುಕಾಗದದಂತೆ ಉಜ್ಜುತ್ತದೆ. ಬಳ್ಳಾರಿ, ಸಂಡೂರಿನ ಗಣಿ ರಸ್ತೆಗಳಲ್ಲಿ ಓಡಿದ ಲಾರಿಗಳ ಎಂಜಿನ್ ಬಿಚ್ಚಿದ ಮೇಸ್ತ್ರಿಗಳಿಗೆ ಇದು ಚೆನ್ನಾಗಿ ಗೊತ್ತು.

ಹೊಗೆಯ ಭಾಷೆ

'ಸಿಕ್ಕಾಪಟ್ಟೆ ಹೊಗೆ ಬರ್ತಿದೆ, ಎಂಜಿನ್ ಬೋರಿಗೆ ಬಂದಿದೆ' ಎನ್ನುವುದು ಗ್ಯಾರೇಜಿನ ಸಾಮಾನ್ಯ ತೀರ್ಪು. ಆದರೆ ಯಾವ ಬಣ್ಣದ ಹೊಗೆ ಎಂದು ಕೇಳದೆ ಈ ತೀರ್ಪು ಒಪ್ಪಬಾರದು.

ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ನಾಝಲ್ ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿರಬಹುದು, ಪಂಪಿನ ಹೊಂದಾಣಿಕೆ ತಪ್ಪಿರಬಹುದು, ಟರ್ಬೊ ಇದ್ದರೆ ಅದು ಸೊರಗಿರಬಹುದು. ಇವೆಲ್ಲ ಎಂಜಿನ್ನಿನ ಹೊರಗೆ ಅಂಟಿಕೊಂಡ ಭಾಗಗಳು. ಇವನ್ನು ಸರಿಪಡಿಸಲು ಎಂಜಿನ್ ಇಳಿಸಬೇಕಾಗಿಲ್ಲ.

ನೀಲಿ ಛಾಯೆಯ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ರಿಂಗು, ಸಿಲಿಂಡರ್ ಸವೆದಿರಬಹುದು. ಆದರೆ ವಾಲ್ವ್ ಗೈಡಿನ ಮೂಲಕವೋ ಟರ್ಬೊದ ಸೀಲಿನ ಮೂಲಕವೋ ಆಯಿಲ್ ಇಳಿಯುತ್ತಿರುವ ಸಾಧ್ಯತೆಯೂ ಇದೆ.

ಬಿಳಿ ಹೊಗೆ ಬೆಳಗಿನ ಚಳಿಯಲ್ಲಿ ಬಂದು ಎಂಜಿನ್ ಕಾದ ಮೇಲೆ ನಿಂತರೆ, ಹೊತ್ತಿಕೊಳ್ಳದ ಡೀಸೆಲ್ ಆವಿಯಾಗಿ ಹೊರಬರುತ್ತಿದೆ ಎಂದರ್ಥ. ಕಾದ ಮೇಲೂ ನಿಲ್ಲದೆ, ರೇಡಿಯೇಟರಿನಲ್ಲಿ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟನ್ನು ಅನುಮಾನಿಸಬೇಕು.

ಇಲ್ಲಿ ನಮ್ಮ ಬೆಂಗಳೂರಿನ ಹೆಸರೊಂದನ್ನು ನೆನೆಯಬೇಕು. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಎಲ್ಲರ ಬಾಯಲ್ಲಿ 'ಮೈಕೊ', ದೇಶದ ಲಾರಿ ಬಸ್ಸುಗಳಿಗೆ ಡೀಸೆಲ್ ಪಂಪು ಮತ್ತು ನಾಝಲ್ ಮಾಡಿಕೊಟ್ಟ ಕಾರ್ಖಾನೆ. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಹಳೆಯ ಲಾರಿಯವರು ಮಾತ್ರ ಇಂದಿಗೂ 'ಮೈಕೊ ಪಂಪು' ಎನ್ನುತ್ತಾರೆ. ಈ ಪಂಪನ್ನು ಬೆಂಚಿನ ಮೇಲೆ ಕೂರಿಸಿ ಆರೂ ಸಿಲಿಂಡರಿಗೆ ಹೋಗುವ ಡೀಸೆಲ್ಲನ್ನು ಅಳತೆಯ ಗಾಜಿನ ನಳಿಗೆಗಳಲ್ಲಿ ಹಿಡಿದು ಸಮ ಮಾಡುವ ಅಂಗಡಿಗಳು ಪ್ರತಿ ದೊಡ್ಡ ಊರಿನಲ್ಲೂ ಇವೆ. ಎಂಜಿನ್ ಇಳಿಸುವ ಖರ್ಚಿನ ಮುಂದೆ ಈ ಕೆಲಸದ ಖರ್ಚು ಚಿಕ್ಕದು. ಮೊದಲು ಇಲ್ಲಿಗೆ ಹೋಗಬೇಕು.

ಬಿಚ್ಚುವ ಮೊದಲು ಅಳೆಯಿರಿ

ಜ್ವರ ಬಂದವನ ಹಣೆ ಮುಟ್ಟಿ ನೋಡಿದ ಮೇಲೆ ವೈದ್ಯರು ಥರ್ಮಾಮೀಟರ್ ಇಡುತ್ತಾರೆ. ಎಂಜಿನ್ನಿಗೂ ಅಂಥ ಪರೀಕ್ಷೆಗಳಿವೆ. ಅನುಭವಿ ಮೇಸ್ತ್ರಿಯ ಕಿವಿಯನ್ನು ನಾನು ಗೌರವಿಸುತ್ತೇನೆ. ಆದರೆ ಕಿವಿ ಅಂಕಿ ಹೇಳುವುದಿಲ್ಲ.

ಮೊದಲನೆಯದು ಕಂಪ್ರೆಷನ್ ಪರೀಕ್ಷೆ. ನಾಝಲ್ ಬಿಚ್ಚಿ ಆ ಜಾಗದಲ್ಲಿ ಒತ್ತಡ ಅಳೆಯುವ ಗೇಜ್ ಕೂರಿಸಿ ಸೆಲ್ಫ್ ಹೊಡೆದು ಎಂಜಿನ್ ತಿರುಗಿಸುತ್ತಾರೆ. ಬ್ಯಾಟರಿ ಚೆನ್ನಾಗಿರಬೇಕು, ಇಲ್ಲವಾದರೆ ಎಂಜಿನ್ ನಿಧಾನ ತಿರುಗಿ ಅಂಕಿ ಸುಳ್ಳಾಗುತ್ತದೆ. ಆರೂ ಸಿಲಿಂಡರುಗಳ ಅಂಕಿಯನ್ನು ಸಾಲಾಗಿ ಬರೆದುಕೊಂಡು, ಕಂಪನಿಯ ಕೈಪಿಡಿಯಲ್ಲಿ ಕೊಟ್ಟ ಮಿತಿಯೊಂದಿಗೆ ಹೋಲಿಸಬೇಕು. ಆರೂ ಒಂದೇ ಸಮನೆ ಇಳಿದಿದ್ದರೆ ಎಂಜಿನ್ ನಿಜಕ್ಕೂ ಸವೆದಿದೆ. ಒಂದು ಮಾತ್ರ ಇಳಿದಿದ್ದರೆ ಆ ಸಿಲಿಂಡರಿನ ವಾಲ್ವ್ ಅಥವಾ ರಿಂಗಿನ ದೋಷ. ಅಕ್ಕಪಕ್ಕದ ಎರಡು ಇಳಿದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸೀಳಿರುವ ಸಂಭವ ಹೆಚ್ಚು.

ಎರಡನೆಯದು ಸೋರಿಕೆಯ ಪರೀಕ್ಷೆ. ಪಿಸ್ಟನ್ನನ್ನು ಮೇಲೆ ನಿಲ್ಲಿಸಿ, ಎರಡೂ ವಾಲ್ವ್ ಮುಚ್ಚಿರುವಾಗ ಸಿಲಿಂಡರಿಗೆ ಹೊರಗಿನಿಂದ ಗಾಳಿ ಬಿಟ್ಟು ಕಿವಿಗೊಡಬೇಕು. ಆಯಿಲ್ ಹಾಕುವ ಬಾಯಿಯಲ್ಲಿ ಸುಯ್ ಎಂದರೆ ರಿಂಗು. ಸೈಲೆನ್ಸರಿನಲ್ಲಿ ಕೇಳಿಸಿದರೆ ಹೊಗೆ ಹೊರಹೋಗುವ ವಾಲ್ವ್. ಏರ್ ಫಿಲ್ಟರ್ ಕಡೆ ಕೇಳಿಸಿದರೆ ಗಾಳಿ ಒಳಬರುವ ವಾಲ್ವ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಹೆಡ್ಡಿನ ಬಿರುಕು. ಇಷ್ಟು ಸರಳವಾದ, ಇಷ್ಟು ನೇರವಾಗಿ ಉತ್ತರ ಹೇಳುವ ಪ್ರಯೋಗ ನಮ್ಮ ಶಾಲಾ ಪ್ರಯೋಗಾಲಯಗಳಲ್ಲೂ ಕಡಿಮೆ.

ಮೂರನೆಯದು ಆಯಿಲ್ ಪ್ರೆಷರ್. ಎಂಜಿನ್ ಚೆನ್ನಾಗಿ ಕಾದ ಮೇಲೆ ನಿಧಾನಗತಿಯಲ್ಲಿ ಅದು ಎಷ್ಟಿದೆ ಎಂದು ನೋಡಬೇಕು. ಗೇಜ್ ಮತ್ತು ಆಯಿಲ್ ಪಂಪು ಸರಿಯಿದ್ದೂ ಪ್ರೆಷರ್ ತೀರ ಇಳಿದಿದ್ದರೆ ಕ್ರ್ಯಾಂಕಿನ ಬೇರಿಂಗುಗಳು ಸಡಿಲವಾಗಿವೆ. ಆಗ ಮೇಲಿನ ಕೆಲಸ ಮಾತ್ರ ಮಾಡಿಸಿ ಪ್ರಯೋಜನವಿಲ್ಲ.

ನಾಲ್ಕನೆಯದಕ್ಕೆ ಖರ್ಚೇ ಇಲ್ಲ. ಒಂದು ತಿಂಗಳು ಪುಸ್ತಕ ಇಡಿ. ಎಷ್ಟು ಕಿ.ಮೀ. ಓಡಿತು, ಎಷ್ಟು ಡೀಸೆಲ್ ಕುಡಿಯಿತು, ಎಷ್ಟು ಆಯಿಲ್ ಮೇಲೆ ಹಾಕಿದಿರಿ. ನೆನಪಿನಿಂದ ಹೇಳುವ ಮೈಲೇಜಿಗೂ ಬರೆದಿಟ್ಟ ಮೈಲೇಜಿಗೂ ಅಜಗಜಾಂತರ. ಬ್ರೇಕ್ ಹಿಡಿದುಕೊಂಡಿದ್ದರೂ, ಟೈರಿನಲ್ಲಿ ಗಾಳಿ ಕಡಿಮೆಯಿದ್ದರೂ ಮೈಲೇಜು ಬೀಳುತ್ತದೆ. ಅದರ ಪಾಪವನ್ನು ಎಂಜಿನ್ ಹೊರಬೇಕಾಗಿಲ್ಲ.

ಅರ್ಧ ಕೆಲಸ, ಪೂರ್ತಿ ಕೆಲಸ

ಪರೀಕ್ಷೆಗಳೆಲ್ಲ ಒಂದೇ ಮಾತು ಹೇಳಿದವು, ಎಂಜಿನ್ ಇಳಿಸಿದ್ದಾಯಿತು ಎನ್ನೋಣ. ಈಗ 'ಬರೀ ರಿಂಗ್ ಹಾಕಿ ಕಳಿಸಿಬಿಡಿ, ಆರು ತಿಂಗಳು ಓಡಿದರೆ ಸಾಕು' ಎಂಬ ಆಸೆ ಹುಟ್ಟುತ್ತದೆ. ಸಿಲಿಂಡರ್ ಮಿತಿಯೊಳಗಿದ್ದರೆ ಇದು ತಪ್ಪಲ್ಲ. ಆದರೆ ಅಂಡಾಕಾರವಾದ ಸಿಲಿಂಡರಿಗೆ ದುಂಡನೆಯ ಹೊಸ ರಿಂಗ್ ಹೊಂದುವುದಿಲ್ಲ. ಅಷ್ಟೇ ಅಲ್ಲ, ಹಳೆಯ ರಿಂಗು ಮುಟ್ಟದೆ ಬಿಟ್ಟ ತುದಿಯಲ್ಲಿ ಒಂದು ಮೆಟ್ಟಿಲು ಉಳಿದಿರುತ್ತದೆ. ಹೊಸ ರಿಂಗು ಅದಕ್ಕೆ ಬಡಿದು ಮುರಿಯುವುದುಂಟು.

ಆದ್ದರಿಂದ ಲೇತ್ ಅಂಗಡಿಯಲ್ಲಿ ಬೋರ್ ಗೇಜಿನಿಂದ ಪ್ರತಿ ಸಿಲಿಂಡರನ್ನೂ ಮೇಲೆ, ನಡುವೆ, ಕೆಳಗೆ, ಒಂದಕ್ಕೊಂದು ಅಡ್ಡವಾದ ಎರಡು ದಿಕ್ಕಿನಲ್ಲಿ ಅಳೆಸಬೇಕು. ಒಂದು ಸಿಲಿಂಡರಿಗೆ ಆರು ಅಂಕಿ, ಆರು ಸಿಲಿಂಡರಿಗೆ 36. ಈ 36 ಅಂಕಿಗಳ ಚೀಟಿಯನ್ನು ಕೇಳಿ ಪಡೆಯುವುದು ಮಾಲೀಕನ ಹಕ್ಕು. ಇಲ್ಲಿ ಲೆಕ್ಕಕ್ಕೆ ಬರುವುದು ಮಿಲಿಮೀಟರಿನ ನೂರರಲ್ಲೊಂದು ಭಾಗ. ನಮ್ಮ ತಲೆಗೂದಲಿನ ದಪ್ಪ ಸುಮಾರು 0.07 ಮಿ.ಮೀ. ಎಂದರೆ ಸೂಕ್ಷ್ಮ ಎಷ್ಟೆಂದು ಊಹಿಸಿಕೊಳ್ಳಿ.

ಮುಂದಿನ ದಾರಿ ಎಂಜಿನ್ನಿನ ರಚನೆಯನ್ನು ಅವಲಂಬಿಸಿದೆ. ಕೆಲವು ಎಂಜಿನ್ನುಗಳಲ್ಲಿ ಸಿಲಿಂಡರಿನೊಳಗೆ ಲೈನರ್ ಎಂಬ ತೋಳು ಇರುತ್ತದೆ. ಅದನ್ನು ತೆಗೆದು ಹೊಸದು ಹಾಕಿದರೆ ಅಳತೆ ಮತ್ತೆ ಮೊದಲಿನಂತೆ. ಕಮಿನ್ಸ್ 5.9 ಲೀಟರ್ ಎಂಜಿನ್ನಿನಂಥವುಗಳಲ್ಲಿ ಲೈನರ್ ಇಲ್ಲ, ಸಿಲಿಂಡರನ್ನು ಬ್ಲಾಕಿನಲ್ಲೇ ಕೊರೆದಿರುತ್ತಾರೆ. ಅಂಥ ಕಡೆ ಅಗಲಿಸಿ ಕೊರೆದು, ಅರ್ಧ ಮಿ.ಮೀ.ನಷ್ಟು ದೊಡ್ಡ ಪಿಸ್ಟನ್ ಹಾಕುತ್ತಾರೆ. 'ಬೋರ್ ಮಾಡಿಸಿದರೆ ಎಂಜಿನ್ನಿನ ಶಕ್ತಿ ಹೆಚ್ಚುತ್ತದೆ' ಎಂಬ ನಂಬಿಕೆ ಹುಟ್ಟಿದ್ದು ಇಲ್ಲಿಂದ. ಲೆಕ್ಕ ಮಾಡಿ ನೋಡಿ. 97 ಮಿ.ಮೀ. ವ್ಯಾಸ, 128 ಮಿ.ಮೀ. ಓಟ, ಆರು ಸಿಲಿಂಡರ್: ಒಟ್ಟು 5,675 ಸಿ.ಸಿ. ವ್ಯಾಸವನ್ನು 97.5 ಮಾಡಿದರೆ 5,734. ಹೆಚ್ಚಿದ್ದು ಶೇಕಡಾ 1 ಮಾತ್ರ. ಬೋರ್ ಮಾಡಿಸಿದ ಮೇಲೆ ಲಾರಿ ಜಿಗಿಯುವಂತೆ ಅನ್ನಿಸುವುದು ಹೊಸ ಶಕ್ತಿ ಬಂದದ್ದರಿಂದಲ್ಲ, ಕಳೆದುಹೋದ ಶಕ್ತಿ ಮರಳಿದ್ದರಿಂದ.

ಕ್ರ್ಯಾಂಕಿನದೂ ಇದೇ ಕ್ರಮ. ಸವೆದ ಕತ್ತುಗಳನ್ನು ಕಾಲು ಮಿ.ಮೀ.ನ ಹಂತಗಳಲ್ಲಿ ಅರೆದು, ಅದಕ್ಕೆ ತಕ್ಕ ದಪ್ಪನೆಯ ಬೇರಿಂಗ್ ಹಾಕುತ್ತಾರೆ. ಎಷ್ಟು ಸಲ ಅರೆದಿದ್ದಾರೆ ಎಂಬುದನ್ನು ಕೇಳಿಕೊಳ್ಳಿ. ಕೊನೆಯ ಹಂತಕ್ಕೆ ಬಂದ ಕ್ರ್ಯಾಂಕ್ ಎಂದರೆ ಹಿಂದಿನವರು ತಿಂದು ಮುಗಿಸಿದ ಆಸ್ತಿ.

ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳನ್ನು ನಮ್ಮ ಕಡೆಯ ಅಂಗಡಿಗಳಲ್ಲಿ ನೋಡಿದವರಿಗೆ ಒಂದು ಮಾತು ಗೊತ್ತಿರುತ್ತದೆ. ಕಾರ್ಖಾನೆ ಮುಚ್ಚಿದರೂ ಅದರ ಯಂತ್ರ ಒಳ್ಳೆಯ ಕೈಯಲ್ಲಿ ಇನ್ನೂ ನೂಲು ಹಿಡಿದಂತೆ ಕೆಲಸ ಮಾಡುತ್ತದೆ. ಯಂತ್ರಕ್ಕಿಂತ ಕೈ ಮುಖ್ಯ, ಕೈಗಿಂತ ಶುಚಿ ಮುಖ್ಯ. ಸಿಲಿಂಡರನ್ನು ಹೋನಿಂಗ್ ಮಾಡಿದ ಮೇಲೆ ಆಯಿಲ್ ಹಿಡಿದಿಡಲು ಅಡ್ಡಡ್ಡ ಸಣ್ಣ ಗೆರೆಗಳು ಉಳಿಯುತ್ತವೆ. ಆ ಗೆರೆಗಳಲ್ಲೇ ಸಾಣೆಕಲ್ಲಿನ ಪುಡಿಯೂ ಕೂತಿರುತ್ತದೆ. ಡೀಸೆಲ್ ಹಾಕಿ ಒರೆಸಿದರೆ ಅದು ಹೋಗುವುದಿಲ್ಲ. ಬಿಸಿನೀರು, ಸಾಬೂನು, ಬ್ರಷ್ಷು ಹಿಡಿದು ಉಜ್ಜಿ ತೊಳೆದು, ಒಣಗಿಸಿ, ತಕ್ಷಣ ಆಯಿಲ್ ಸವರಬೇಕು. ಈ ಒಂದು ಗಂಟೆಯ ಕೆಲಸ ತಪ್ಪಿದರೆ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕೂರಿಸಿದ ಮೇಲೆ ಮೊದಲ ಕೆಲವು ನೂರು ಕಿ.ಮೀ. ಪೂರ್ತಿ ಭಾರವೂ ಬೇಡ, ಗಂಟೆಗಟ್ಟಲೆ ನಿಂತಲ್ಲೇ ಓಡಿಸುವುದೂ ಬೇಡ. ಹದವಾದ ಲೋಡಿನಲ್ಲಿ ಓಡಿಸಿ, ಮೊದಲ ಆಯಿಲನ್ನು ಬೇಗ ಬದಲಿಸಬೇಕು.

ದೊಡ್ಡ ಎಂಜಿನ್ನಿನ ಆಸೆ

'ಹೇಗೂ ಇಳಿಸಿದ್ದೀರಿ, ಕಮಿನ್ಸ್ ಹಾಕಿಸಿಬಿಡಿ', 'ಇದಕ್ಕೇ ಟರ್ಬೊ ಕೂರಿಸೋಣ' ಎಂಬ ಸಲಹೆ ಬರುವುದು ಇದೇ ಹೊತ್ತಿನಲ್ಲಿ.

ಟರ್ಬೊ ಎಂದರೆ ಹೊರಹೋಗುವ ಹೊಗೆಯ ರಭಸದಿಂದ ತಿರುಗಿ, ಒಳಬರುವ ಗಾಳಿಯನ್ನು ಒತ್ತಿ ತುಂಬುವ ಗಾಲಿ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಚಿ 1905ರಲ್ಲಿ ಇದರ ಹಕ್ಕುಪತ್ರ ಪಡೆದ. ಹೆಚ್ಚು ಗಾಳಿ, ಹೆಚ್ಚು ಡೀಸೆಲ್, ಹೆಚ್ಚು ಶಕ್ತಿ. ಆದರೆ ಹೆಚ್ಚು ಬೆಂಕಿ ಕೂಡ. ಕಾರ್ಖಾನೆಯಿಂದಲೇ ಟರ್ಬೊ ಪಡೆದು ಬರುವ ಎಂಜಿನ್ನಿಗೆ ಆ ಶಾಖ ತಡೆಯುವ ಪಿಸ್ಟನ್, ಅದಕ್ಕೆ ತಕ್ಕ ಕಂಪ್ರೆಷನ್, ಗ್ಯಾಸ್ಕೆಟ್, ರೇಡಿಯೇಟರ್ ಎಲ್ಲವನ್ನೂ ಹೊಂದಿಸಿಯೇ ಕೊಟ್ಟಿರುತ್ತಾರೆ. ಮುದಿ ಎಂಜಿನ್ನಿಗೆ ಬರೀ ಗಾಲಿ ಅಂಟಿಸಿದರೆ ಒಳಗಿನ ಭಾಗಗಳು ಆ ಹೊರೆಗೆ ಸಿದ್ಧವಾಗಿರುವುದಿಲ್ಲ.

ಬೇರೆ ದೊಡ್ಡ ಎಂಜಿನ್ ಕೂರಿಸಿದರೆ? 1954ರಲ್ಲಿ ಡೈಮ್ಲರ್-ಬೆಂಜ್ ಜೊತೆಗೂಡಿ ಟಾಟಾದವರು ಲಾರಿ ಮಾಡಲು ಹೊರಟಾಗಿನಿಂದ ನಮ್ಮ ಹಳಬರು ಟಾಟಾ ಲಾರಿಯನ್ನು 'ಬೆಂಜ್' ಎನ್ನುತ್ತಿದ್ದರು. ಆ ಲಾರಿಗಳ ಹೆಸರಿನಲ್ಲೇ ಒಂದು ಪಾಠವಿದೆ. 1210 ಎಂದರೆ ಒಟ್ಟು ತೂಕ ಸುಮಾರು 12 ಟನ್, ಶಕ್ತಿ ಸುಮಾರು 100 ಅಶ್ವಶಕ್ತಿ. 1612 ಎಂದರೆ 16 ಟನ್, 120. ಅಂದರೆ ತೂಕ ಮತ್ತು ಶಕ್ತಿಯನ್ನು ಜೋಡಿಯಾಗಿಯೇ ಲೆಕ್ಕ ಹಾಕಿದ್ದಾರೆ. ಕ್ಲಚ್ಚು, ಗೇರ್‌ಬಾಕ್ಸು, ಜಾಯಿಂಟು, ಹಿಂದಿನ ಕ್ರೌನ್, ಬ್ರೇಕು ಎಲ್ಲವೂ ಆ ಜೋಡಿಗೆ ತಕ್ಕಂತೆ ಇವೆ. ಅದರಲ್ಲಿ ಒಂದನ್ನು ಮಾತ್ರ ಹಿಗ್ಗಿಸಿದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಎಂಜಿನ್ ಗಟ್ಟಿಯಾದರೆ ಕ್ಲಚ್ ಜಾರುತ್ತದೆ. ಕ್ಲಚ್ ಗಟ್ಟಿ ಮಾಡಿದರೆ ಕ್ರೌನ್ ಹಲ್ಲು ಉದುರುತ್ತದೆ.

ಇಷ್ಟಾಗಿ ಸಿಗುವ ಲಾಭವೇನು? ಶಿರಾಡಿ, ಅರಬೈಲು ಘಾಟಿಗಳನ್ನು ಹತ್ತುವವರ ಅನುಭವವನ್ನೇ ಲೆಕ್ಕಕ್ಕಿಳಿಸೋಣ. ನಿಧಾನವಾಗಿ ಏರು ಹತ್ತುವಾಗ ಗಾಳಿಯ ಅಡ್ಡಿ ನಗಣ್ಯ. ಆದ್ದರಿಂದ ಅದೇ ಭಾರಕ್ಕೆ ವೇಗವು ಶಕ್ತಿಯ ಅನುಪಾತದಲ್ಲಿರುತ್ತದೆ. 120 ಅಶ್ವಶಕ್ತಿಯಲ್ಲಿ ಗಂಟೆಗೆ 20 ಕಿ.ಮೀ. ವೇಗ ಸಿಕ್ಕರೆ 150ರಲ್ಲಿ 25 ಸಿಗುತ್ತದೆ. 12 ಕಿ.ಮೀ. ಏರನ್ನು ಮೊದಲನೆಯದು 36 ನಿಮಿಷದಲ್ಲಿ, ಎರಡನೆಯದು ಸುಮಾರು 29 ನಿಮಿಷದಲ್ಲಿ ಹತ್ತುತ್ತದೆ. ಉಳಿದದ್ದು ಏಳು ನಿಮಿಷ. ಮಂಗಳೂರಿನಲ್ಲಿ ಲೋಡ್ ಇಳಿಸಲು ಸರದಿಯಲ್ಲಿ ಕಾಯುವ ಹೊತ್ತು ಎಷ್ಟೆಂದು ಚಾಲಕರನ್ನೇ ಕೇಳಿ!

ಕಾನೂನನ್ನೂ ಮರೆಯುವಂತಿಲ್ಲ. ಎಂಜಿನ್ ನಂಬರು ಆರ್.ಸಿ.ಯಲ್ಲಿ ದಾಖಲಾಗಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. ಎಂಜಿನ್ ಬದಲಾದರೆ 14 ದಿನದೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಆರ್.ಟಿ.ಓ. ಕಚೇರಿಯಲ್ಲಿ ಮೊದಲೇ ವಿಚಾರಿಸದೆ ಎಂಜಿನ್ ಕೂರಿಸಿದವನು ಎಫ್.ಸಿ. ದಿನ, ಇಲ್ಲವೇ ಅಪಘಾತವಾಗಿ ವಿಮೆಯ ಹಣ ಕೇಳುವ ದಿನ ಪೇಚಿಗೆ ಸಿಲುಕುತ್ತಾನೆ. ಗುಜರಿಯಿಂದ ತರುವ ಎಂಜಿನ್ನಿಗಂತೂ ಅದರ ಮೂಲ ಕಾಗದಪತ್ರ ಇರಲೇಬೇಕು. ಇಲ್ಲದಿದ್ದರೆ ಕಳ್ಳಮಾಲು ಕೊಂಡಂತಾಗಬಹುದು.

2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ಲಾರಿಗಳ ಎಂಜಿನ್ ತಂದು ಹಳೆಯ ಚಾಸಿಗೆ ಹಾಕುವ ಮಾತು ದೂರವೇ ಉಳಿಯಲಿ. ಅದರ ಕಂಪ್ಯೂಟರ್, ಹತ್ತಾರು ಸೆನ್ಸರುಗಳು, ಚಾಲಕರು 'ಯೂರಿಯಾ' ಎನ್ನುವ ದ್ರಾವಣದ ಟ್ಯಾಂಕು, ಹೊಗೆ ಶುದ್ಧಿಯ ಡಬ್ಬ ಎಲ್ಲ ಸೇರಿ ಒಂದೇ ಶರೀರ. ಬಿಡಿಸಿ ಕಸಿ ಮಾಡುವಂಥದ್ದಲ್ಲ.

ಒಂದು ಮಧ್ಯಮ ಮಾರ್ಗವಿದೆ. ವಾಹನ ಕಂಪನಿಗಳೇ ಹಳೆಯ ಎಂಜಿನ್ ಪಡೆದು, ಅದೇ ಜಾತಿಯ ಪುನರ್ನಿರ್ಮಿತ ಎಂಜಿನ್ನನ್ನು ಖಾತರಿಯೊಂದಿಗೆ ಕೊಡುವ ವ್ಯವಸ್ಥೆ. ಟಾಟಾ ಮೋಟಾರ್ಸ್‌ನಲ್ಲಿ ಇದಕ್ಕೆ 'ಪ್ರೊಲೈಫ್' ಎಂದು ಹೆಸರು. ಬೆಲೆ ಹೆಚ್ಚಾದರೂ ಲಾರಿ ನಿಲ್ಲುವ ದಿನಗಳು ಕಡಿಮೆ. ಒಳ್ಳೆಯ ಲೇತ್ ಅಂಗಡಿ ಹತ್ತಿರ ಇಲ್ಲದವರು ವಿಚಾರಿಸಬಹುದು.

ಒಂದು ಹಾಳೆಯ ಲೆಕ್ಕ

2018ರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎರಡು ಚೀಟಿ ಹಿಡಿದು ಮನೆಗೆ ಬಂದ. 2004ರ ಮಾಡೆಲಿನ 16 ಟನ್ನಿನ ಒಂದೇ ಲಾರಿ. ಸುಗ್ಗಿಯಲ್ಲಿ ಮೆಕ್ಕೆಜೋಳ, ಹತ್ತಿ, ಉಳಿದ ದಿನ ಸಿಕ್ಕ ಬಾಡಿಗೆ. ಒಂದು ಚೀಟಿಯಲ್ಲಿ ಇದ್ದ ಎಂಜಿನ್ನಿನ ಪೂರ್ತಿ ಕೆಲಸ, ಇನ್ನೊಂದರಲ್ಲಿ ದೊಡ್ಡ ಎಂಜಿನ್. 'ಸಾರ್, ಮನೆಯವಳ ಸರ ಅಡವಿಡಬೇಕು. ಎರಡರಲ್ಲಿ ಯಾವುದು ಮಾಡಿಸಲಿ?' ಎಂದ. 'ಮೊದಲು ಇದು ಹೇಳಪ್ಪಾ, ಲಾರಿ ಇನ್ನೆಷ್ಟು ವರ್ಷ ಇಟ್ಟುಕೊಳ್ತೀಯಾ? ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡಿಸ್ತೀಯಾ?' ಎಂದೆ. ಅವನು ಸುಮ್ಮನಾದ. ಎರಡೂ ಪ್ರಶ್ನೆಯನ್ನು ಗ್ಯಾರೇಜಿನಲ್ಲಿ ಯಾರೂ ಕೇಳಿರಲಿಲ್ಲ.

ಅಂದು ಮಾಡಿದ ಲೆಕ್ಕದ ಕ್ರಮವನ್ನು ಇಲ್ಲಿ ಕೊಡುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ, ಓದುಗರು ತಮ್ಮ ತಮ್ಮ ಅಂಕಿ ಹಾಕಿಕೊಳ್ಳಬೇಕು. ಡೀಸೆಲ್ ಲೀಟರಿಗೆ 90 ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 30,000 ಕಿ.ಮೀ. ಓಟ. ಸವೆದ ಎಂಜಿನ್ ಲೀಟರಿಗೆ 3.7 ಕಿ.ಮೀ. ಕೊಡುತ್ತಿದೆ, ಸರಿಪಡಿಸಿದರೆ 4 ಕೊಡುತ್ತದೆ. ಡೀಸೆಲ್ ಖರ್ಚು 8,108 ಲೀಟರಿನಿಂದ 7,500ಕ್ಕೆ ಇಳಿಯುತ್ತದೆ. ಉಳಿತಾಯ ಸುಮಾರು 55,000 ರೂಪಾಯಿ. ಮೇಲೆ ಹಾಕುತ್ತಿದ್ದ ಆಯಿಲಿನಲ್ಲಿ 18,000 ಉಳಿಯಿತು ಎನ್ನಿ. ಒಟ್ಟು 73,000. ಕೆಲಸಕ್ಕೆ 1,60,000 ತಗುಲಿದರೆ ಎರಡು ವರ್ಷ ಎರಡು ತಿಂಗಳಿನಲ್ಲಿ ಹಣ ಮರಳುತ್ತದೆ.

ಇದೇ ಲಾರಿ ವರ್ಷಕ್ಕೆ 60,000 ಕಿ.ಮೀ. ಓಡಿದರೆ? ಹದಿಮೂರು ತಿಂಗಳಿನಲ್ಲಿ ಮರಳುತ್ತದೆ. ಎಂಜಿನ್ ಅದೇ, ಸವೆತ ಅದೇ, ಉತ್ತರ ಮಾತ್ರ ಬೇರೆ! ಅವರವರ ಲಾರಿಯ ಓಟ ತಿಳಿಯದೆ ಯಾರೂ ಯಾರಿಗೂ ಸಲಹೆ ಕೊಡಲಾಗದು ಎನ್ನುವುದು ಇದಕ್ಕೇ.

ಈಗ ದೊಡ್ಡ ಎಂಜಿನ್ನಿಗೆ ಎಲ್ಲ ಸೇರಿ 4 ಲಕ್ಷ ಎನ್ನಿ. ಅದು ಇನ್ನೂ ಶೇಕಡಾ 5 ಹೆಚ್ಚು ಮೈಲೇಜು, ಅಂದರೆ 4.2 ಕಿ.ಮೀ. ಕೊಟ್ಟಿತೆಂದೇ ಒಪ್ಪಿಕೊಳ್ಳೋಣ. 30,000 ಕಿ.ಮೀ.ಗೆ ವರ್ಷದ ಉಳಿತಾಯ ಸುಮಾರು 1,05,000. ಲಾರಿ ಇನ್ನು ನಾಲ್ಕು ವರ್ಷ ಇರುತ್ತದೆ ಎಂದರೆ, ದೊಡ್ಡ ಎಂಜಿನ್ನಿನಲ್ಲಿ ಖರ್ಚು ಕಳೆದು ಉಳಿಯುವುದು ಸುಮಾರು 20,000. ಇದ್ದ ಎಂಜಿನ್ನನ್ನೇ ಸರಿಪಡಿಸಿದರೆ ಸುಮಾರು 1,30,000. ಸಾಲದ ಬಡ್ಡಿ ಸೇರಿಸಿದರೆ ಮೊದಲನೆಯದು ನಷ್ಟಕ್ಕೇ ಇಳಿಯುತ್ತದೆ.

ಲಾರಿಯ ಉಳಿದ ಆಯುಸ್ಸನ್ನು ನಿರ್ಧರಿಸುವುದು ಎಂಜಿನ್ ಅಲ್ಲ. ಚಾಸಿಗೆ ತುಕ್ಕು, ಬಿರುಕು ಇದೆಯೇ? ಕಮಾನು ಪಟ್ಟಿ, ಕ್ಯಾಬಿನ್ನು, ಹೌಸಿಂಗ್ ಹೇಗಿವೆ? ಎಂಟು ವರ್ಷ ದಾಟಿದ ಲಾರಿಗೆ ಪ್ರತಿ ವರ್ಷ ಎಫ್.ಸಿ. ಬೇಕು. 15 ವರ್ಷ ದಾಟಿದವುಗಳ ಶುಲ್ಕವನ್ನು 2022ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ಬಹಳ ಏರಿಸಿತು. 2021ರ ಗುಜರಿ ನೀತಿಯಂತೆ ನೋಂದಾಯಿತ ಕೇಂದ್ರದಲ್ಲಿ ಹಳೆಯ ವಾಹನ ಒಪ್ಪಿಸಿದರೆ, ಹೊಸದನ್ನು ಕೊಳ್ಳುವಾಗ ರಿಯಾಯಿತಿಗೆ ಆಧಾರವಾಗುವ ಪ್ರಮಾಣಪತ್ರ ಸಿಗುತ್ತದೆ. ಈ ಅಂಕಿಗಳೂ ಹಾಳೆಯ ಮೇಲೆ ಬರಬೇಕು. ಕೆಲವೊಮ್ಮೆ ಹಾಳೆ 'ರಿಪೇರಿಯೂ ಬೇಡ, ಎಂಜಿನ್ನೂ ಬೇಡ, ಮಾರಿಬಿಡು' ಎಂದೂ ಹೇಳುತ್ತದೆ. ಅದನ್ನು ಕೇಳಿಸಿಕೊಳ್ಳಲು ಧೈರ್ಯ ಬೇಕು.

ಆ ಹುಡುಗನ ಎಂಜಿನ್ನಿನಲ್ಲಿ ಆರೂ ಸಿಲಿಂಡರುಗಳ ಕಂಪ್ರೆಷನ್ ಇಳಿದಿತ್ತು, ಆಯಿಲ್ ಪ್ರೆಷರ್ ಮಿತಿಯೊಳಗಿತ್ತು. ಇದ್ದ ಎಂಜಿನ್ನನ್ನೇ ಮೂಲ ಅಳತೆಗೆ ತಂದ. ಸೀಳಿದ್ದ ಏರ್ ಫಿಲ್ಟರ್ ಕೊಳವೆಯನ್ನು ಬದಲಿಸಿದ. ಉಳಿಸಿದ ಹಣದಲ್ಲಿ ಮುಂದಿನ ಎರಡು ಟೈರು, ಬ್ರೇಕ್ ಕೆಲಸ ಮಾಡಿಸಿದ. 2023ರಲ್ಲಿ ಚಾಸಿ ಸೋತು ಲಾರಿಯನ್ನು ಗುಜರಿಗೆ ಕೊಡುವಾಗಲೂ ಆ ಎಂಜಿನ್ ಒಂದೇ ಸೆಲ್ಫಿಗೆ ಚಾಲೂ ಆಗುತ್ತಿತ್ತು. ದೊಡ್ಡ ಎಂಜಿನ್ ಹಾಕಿಸಿದ್ದರೆ ಅದೂ ಜೊತೆಗೇ ತಕ್ಕಡಿ ಏರುತ್ತಿತ್ತು. ಹೆಂಡತಿಯ ಸರ ಅಷ್ಟರೊಳಗೆ ಮನೆಗೆ ಬಂದಿತ್ತು.

ಕೊನೆಗೆ ಇಷ್ಟು: ಲಾರಿ ಇನ್ನೂ ಗಟ್ಟಿಯಾಗಿದ್ದು ಓಟ ಚೆನ್ನಾಗಿದ್ದರೆ, ಅಳೆದು ನೋಡಿ, ಇದ್ದ ಎಂಜಿನ್ನನ್ನೇ ಪೂರ್ತಿಯಾಗಿ ಒಮ್ಮೆ ಸರಿಪಡಿಸಿ. ಲಾರಿಯೇ ಸೋತಿದ್ದರೆ ಎಂಜಿನ್ನಿಗೆ ದೊಡ್ಡ ಹಣ ಸುರಿಯಬೇಡಿ. ಹೆಚ್ಚು ಶಕ್ತಿ ನಿಜಕ್ಕೂ ಬೇಕಾದ ಕೆಲಸ ಸಿಕ್ಕಿದ್ದರೆ, ಆ ಶಕ್ತಿಗೆಂದೇ ಹುಟ್ಟಿದ ಲಾರಿಯನ್ನು ನೋಡಿ. ಇವುಗಳಲ್ಲಿ ಯಾವುದೇ ಆಗಲಿ, ಮೊದಲ ಬೋಲ್ಟ್ ಸಡಿಲಿಸುವ ಮುಂಚೆ ಕಂಪ್ರೆಷನ್ ಗೇಜಿನ ಆರು ಅಂಕಿ ಮತ್ತು ಒಂದು ತಿಂಗಳ ಡೀಸೆಲ್ ಲೆಕ್ಕ ನಿಮ್ಮ ಜೇಬಿನಲ್ಲಿರಲಿ. ಲೆಕ್ಕ ಕೈಯಲ್ಲಿದ್ದ ಮಾಲೀಕನೊಡನೆ ಮೇಸ್ತ್ರಿಯೂ ಲೆಕ್ಕದಲ್ಲೇ ಮಾತಾಡುತ್ತಾನೆ.